ಸುಳಿ ಬಾಡುವ ಮುನ್ನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗಿನ ತೋಟವಿಲ್ಲದ ಊರು ವಿರಳ. ಇಲ್ಲಿನ ರೈತರಿಗೆ ಕೆಂಪುಮೂತಿ ಹುಳುವಿನ ಪರಿಚಯ ಚೆನ್ನಾಗಿ ಉಂಟು. ಈ ಕೀಟದ ಮರಿಗಳು ಕಾಂಡದೊಳಗೆ ಸೇರಿ ಮೆತ್ತನೆಯ ಭಾಗವನ್ನು ತಿನ್ನುತ್ತಿರುತ್ತವೆ. ಮರ ಮಾತ್ರ ಬಹುಕಾಲ ಹಸುರಾಗಿಯೇ ಕಾಣುತ್ತದೆ. ಸುಳಿ ಬಾಡಿದ ಮೇಲೆ ಮಾಡಬಹುದಾದ ಉಪಚಾರ ಅತ್ಯಲ್ಪ. ಆದುದರಿಂದ ಜಾಣ ರೈತನು ಕಾಂಡದಲ್ಲಿ ಸಣ್ಣ ತೂತನ್ನೂ ಅದರಿಂದ ಸೋರುವ ಕಂದು ರಸವನ್ನೂ ಕಂಡೊಡನೆಯೇ ಎಚ್ಚರಗೊಳ್ಳುತ್ತಾನೆ. ಹುಳು ಬಿದ್ದುದು ಮರದ ತಪ್ಪೆಂದು ಅವನು ಬಯ್ಯುವುದಿಲ್ಲ.

ಮರದ ವಿಷಯದಲ್ಲಿರುವ ಈ ವಿವೇಕ ಮನಸ್ಸಿನ ವಿಷಯದಲ್ಲಿಯೂ ನಮಗೆ ಉಂಟೆ? ವಿದ್ಯಾರ್ಥಿಯೊಬ್ಬನು ನಿದ್ರೆಗೆಟ್ಟು, ಊಟ ಬಿಟ್ಟು, ಗೆಳೆಯರಿಂದ ದೂರವಾದರೆ ಕೆಲವರು ಅವನನ್ನು ಸೋಮಾರಿ ಎನ್ನುತ್ತಾರೆ; ಕೆಲವರು ಗಾಳಿ ಸೋಂಕಿತೆನ್ನುತ್ತಾರೆ. ವೈದ್ಯರ ನೆನಪು ಬರುವುದು ಕಟ್ಟಕಡೆಗೆ.

ಮಾನಸಿಕ ರೋಗಗಳು ಎಳೆಯ ಪ್ರಾಯದಲ್ಲಿಯೇ ಬೇರೂರುತ್ತವೆ. ನಾನಾ ದೇಶಗಳ 192 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಂಥ ರೋಗಗಳಿಗೆ ತುತ್ತಾದವರಲ್ಲಿ ಶೇಕಡ 48ರಷ್ಟು ಮಂದಿಗೆ 18 ವರ್ಷದೊಳಗೆ, ಶೇಕಡ 62ರಷ್ಟು ಮಂದಿಗೆ 25ರೊಳಗೆ ಅದು ತಲೆದೋರಿತ್ತು. ಕಾಲೇಜಿನ ವರ್ಷಗಳು ಇದರೊಳಗೇ ಸೇರಿವೆ. ಮಿದುಳಿನ ಮುಂಭಾಗ, ಅಂದರೆ ಆವೇಗಗಳನ್ನು ತೂಗಿ ನಿರ್ಧಾರ ಕೈಗೊಳ್ಳುವ ಭಾಗ, ಪೂರ್ಣವಾಗಿ ಬೆಳೆಯುವುದು ಇಪ್ಪತ್ತೈದರ ಹೊತ್ತಿಗೆ. ಆ ಬೆಳವಣಿಗೆ ಮುಗಿಯುವ ಮೊದಲೇ ಪರೀಕ್ಷೆ, ಉದ್ಯೋಗ, ಪ್ರೇಮ ಎಲ್ಲವೂ ಎದುರಾಗುತ್ತವೆ. ಕೊಬ್ಬರಿಯ ಬೆಲೆ ಕುಸಿದ ವರ್ಷವಂತೂ ಮನೆಯ ಚಿಂತೆ ಪುಸ್ತಕದ ಚೀಲದೊಡನೆ ಕಾಲೇಜಿಗೆ ಬರುತ್ತದೆ.

ಚಿಂತೆಯೆಲ್ಲವೂ ರೋಗವಲ್ಲ. ಪರೀಕ್ಷೆಯ ಮುನ್ನ ಎದೆ ಡವಗುಟ್ಟುವುದು ಸಹಜ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸೋಲ್ ಎಂಬ ರಸಗಳನ್ನು ರಕ್ತಕ್ಕೆ ಬಿಟ್ಟು ದೇಹವನ್ನು ಸನ್ನದ್ಧಗೊಳಿಸುತ್ತವೆ. ಸಂದರ್ಭ ಕಳೆದ ಮೇಲೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುತ್ತದೆ. ಮರಳದೆ ವಾರಗಟ್ಟಲೆ ಮುಂದುವರಿದರೆ ನಿದ್ರೆ, ಹಸಿವು, ನೆನಪು ಎಲ್ಲವೂ ಕೆಡುತ್ತವೆ.

ಹಾಗಾದರೆ ಸಹಜವಾದ ದುಃಖಕ್ಕೂ ಖಿನ್ನತೆಯೆಂಬ ರೋಗಕ್ಕೂ ಗೆರೆ ಎಳೆಯುವುದು ಹೇಗೆ? ಜ್ವರವನ್ನು ಅಳೆಯಲು ಥರ್ಮಾಮೀಟರ್ ಉಂಟು. ಮನಸ್ಸಿಗೂ ಅಂಥದೊಂದು ಅಳತೆಗೋಲನ್ನು ವೈದ್ಯರು ರೂಪಿಸಿದ್ದಾರೆ: ಕಳೆದ ಎರಡು ವಾರಗಳನ್ನು ಕುರಿತ ಒಂಬತ್ತು ಪ್ರಶ್ನೆಗಳು. ಯಾವುದರಲ್ಲಿಯೂ ಆಸಕ್ತಿಯಿಲ್ಲವೆ? ನಿದ್ರೆ ಕೆಟ್ಟಿದೆಯೆ? ಓದಿನಲ್ಲಿ ಗಮನ ನಿಲ್ಲದೆ? ಹೀಗೆ ಕೇಳಿ, ತೊಂದರೆ ಎಷ್ಟು ದಿನ ಕಾಡಿತೆಂಬುದಕ್ಕೆ ತಕ್ಕಂತೆ ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಒಟ್ಟು 27ರಲ್ಲಿ 10 ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣತಕ್ಕದ್ದು. ಸಾಯುವ ಯೋಚನೆ ಬರುತ್ತಿದ್ದರೆ ಮೊತ್ತವನ್ನು ಕಾಯಬೇಕಾಗಿಲ್ಲ. ಒಡನೆಯೇ ನೆರವು ಪಡೆಯಬೇಕು. ಥರ್ಮಾಮೀಟರ್ ಜ್ವರವನ್ನು ತೋರಿಸುತ್ತದೆಯೇ ಹೊರತು ಅದರ ಕಾರಣವನ್ನಲ್ಲ. ಈ ಅಳತೆಗೋಲೂ ಹಾಗೆಯೇ. ಕಾರಣವನ್ನು ಹುಡುಕುವುದು ವೈದ್ಯರ ಕೆಲಸ.

ಚಿಕಿತ್ಸೆ ಪಟ್ಟಣದವರಿಗೆ ಮಾತ್ರವೆಂದು ತಿಳಿಯಬೇಡಿ. ಇಚ್ಚಿತ್ತ ವಿಕಲತೆ, ಅಂದರೆ ಸ್ಕಿಜೋಫ್ರೀನಿಯ, ಬಹುಮಟ್ಟಿಗೆ ಹದಿಹರೆಯದ ಕೊನೆಯಲ್ಲಿ ಇಲ್ಲವೆ ಇಪ್ಪತ್ತರ ಪ್ರಾಯದಲ್ಲಿ ತಲೆದೋರುವ ಕಠಿಣ ರೋಗ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೊದಲು ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ, 2009ರಿಂದ ನಮ್ಮ ತುರುವೇಕೆರೆ ತಾಲ್ಲೂಕಿನಲ್ಲಿಯೂ ಈ ರೋಗಿಗಳನ್ನು ಗುರುತಿಸಿ, ಮನೆಗೆ ಸಮೀಪದಲ್ಲಿಯೇ ಚಿಕಿತ್ಸೆ ದೊರಕಿಸಲು ಶ್ರಮಿಸಿದರು. ತೀರ್ಥಹಳ್ಳಿಯಲ್ಲಿ ಔಷಧ ಪಡೆದವರ ಅಸಾಮರ್ಥ್ಯವು ಪಡೆಯದವರದಕ್ಕಿಂತ ಕಡಿಮೆಯಾದುದು ಕಂಡುಬಂದಿತು. ಆದರೂ ಅದೇ ಸಂಸ್ಥೆ 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ಮಾನಸಿಕ ರೋಗವುಳ್ಳ ನೂರು ಮಂದಿಯಲ್ಲಿ, ರೋಗಕ್ಕನುಗುಣವಾಗಿ, 70ರಿಂದ 92 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಸಂಕೋಚವೂ ಇದಕ್ಕೆ ಒಂದು ಕಾರಣ.

ನೆರವು ಎಲ್ಲಿ ದೊರೆಯುತ್ತದೆ? 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ ದೂರವಾಣಿ ಸಂಖ್ಯೆ 14416. ಹಗಲಿರುಳೆನ್ನದೆ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ನಿಮ್ಹಾನ್ಸ್ ಸಂಸ್ಥೆಯ ಸಹಕಾರದೊಡನೆ ರಾಜ್ಯ ಸರಕಾರವು ಯುವಜನರ ಆಪ್ತಸಲಹೆಗಾಗಿ ‘ಯುವ ಸ್ಪಂದನ’ವೆಂಬ ಯೋಜನೆಯನ್ನೂ ರೂಪಿಸಿತು. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೂ ಸಂಕೋಚವಿಲ್ಲದೆ ಹೇಳಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯ ಮಾತನ್ನು ಗೋಪ್ಯವಾಗಿಡಬೇಕೆಂದು ವಿಧಿಸಿದೆ. ಪ್ರಾಣಾಪಾಯದಂಥ ಕೆಲವೇ ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿ ಉಂಟು.

ಕಾಲೇಜಿನ ಕರ್ತವ್ಯವೂ ಇದರಲ್ಲಿ ಸೇರಿದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವು ತನ್ನ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆಂದು 1910ರಲ್ಲಿಯೇ ವೈದ್ಯರೊಬ್ಬರ ಸೇವೆಯನ್ನು ಒದಗಿಸಿತ್ತು. ಪ್ರಯೋಗಶಾಲೆ, ಗ್ರಂಥಾಲಯಗಳಿಲ್ಲದ ಕಾಲೇಜನ್ನು ನಾವು ಕಾಲೇಜೆನ್ನುವುದಿಲ್ಲ. ಆಪ್ತಸಲಹೆಗಾರರಿಲ್ಲದ ಕಾಲೇಜನ್ನೂ ಅಪೂರ್ಣವೆಂದೇ ಎಣಿಸುವ ದಿನ ಬರಬೇಕು.

ಆ ದಿನಕ್ಕಾಗಿ ಕಾಯದೆ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದುಂಟು. ಬೆಂಚಿನಲ್ಲಿ ಪಕ್ಕದಲ್ಲಿ ಕೂರುವ ಗೆಳೆಯನಲ್ಲಿ ಆದ ಬದಲಾವಣೆ ಅಧ್ಯಾಪಕರಿಗಿಂತ ಮೊದಲು ನಿಮಗೆ ಕಾಣುತ್ತದೆ. ಉಪದೇಶ ಮಾಡದೆ ಅವನ ಮಾತನ್ನು ಕೇಳಿ. ಬದುಕು ಬೇಡವೆಂದು ಅವನು ನುಡಿದರೆ ಅದನ್ನು ಹಾಸ್ಯವೆಂದು ತಳ್ಳಿಹಾಕಬೇಡಿ; ಒಬ್ಬನನ್ನೇ ಬಿಡದೆ ಹಿರಿಯರಿಗೆ ತಿಳಿಸಿ, ಆಸ್ಪತ್ರೆಗೆ ಜೊತೆಯಾಗಿ ಹೋಗಿ. ಹೊತ್ತಿಗೆ ಸರಿಯಾಗಿ ದೊರೆತ ಈ ನೆರವಿನಿಂದ ಒಂದು ಜೀವ ಉಳಿಯಬಹುದು.