ಜನರಲ್ ಸಹಿ ಹಾಕಿದ 14 ತಿಂಗಳು

ಪ್ರತಿವರ್ಷ ಸೆಪ್ಟೆಂಬರ್ 17ರಂದು, ಹೈದರಾಬಾದ್ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ನೆನಪಿಗೆ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಧ್ವಜ ಏರುತ್ತದೆ. ಭಾಷಣಗಳಲ್ಲಿ ನಿಜಾಮನ ಪರವಾಗಿದ್ದ ರಜಾಕಾರರ ಪಡೆಯ ಹಾವಳಿ ಬರುತ್ತದೆ, ಅದರ ವಿರುದ್ಧದ ಹೋರಾಟಕ್ಕೆ ಮುಂಡರಗಿ ಶಿಬಿರ ಕಟ್ಟಿದ ಅಳವಂಡಿ ಶಿವಮೂರ್ತಿಸ್ವಾಮಿಗಳು ಬರುತ್ತಾರೆ, ಸರ್ದಾರ್ ಪಟೇಲರು ಬರುತ್ತಾರೆ. ಐದು ದಿನಗಳ ಪೊಲೀಸ್ ಕಾರ್ಯಾಚರಣೆಯೊಂದಿಗೆ ಕಥೆ ಮುಗಿಯುತ್ತದೆ. ಮರುದಿನದಿಂದ ಈ ಊರುಗಳನ್ನು ಆಳಿದವರು ಯಾರು ಎಂಬ ಪ್ರಶ್ನೆಯನ್ನು ವೇದಿಕೆಯ ಮೇಲೆ ಯಾರೂ ಎತ್ತುವುದಿಲ್ಲ. ಆಳಿದ್ದು ಒಂದು ಮಿಲಿಟರಿ ಸರ್ಕಾರ. ಅದರ ಮುಖ್ಯಸ್ಥರು ಮಿಲಿಟರಿ ಗವರ್ನರ್ ಮೇಜರ್ ಜನರಲ್ ಜೆ.ಎನ್. ಚೌಧುರಿ. 1948ರ ಸೆಪ್ಟೆಂಬರಿನಿಂದ 1949ರ ನವೆಂಬರ್ ಕೊನೆಯವರೆಗೆ ಅವರ ಸಹಿಯೇ ಇಲ್ಲಿನ ಕಾನೂನು.

ಫರ್ಮಾನು ಕೊಟ್ಟ ಅಧಿಕಾರ

ಆಗ ಕೊಪ್ಪಳ ಜಿಲ್ಲೆ ಎಂಬುದಿರಲಿಲ್ಲ. ಈ ಸೀಮೆಯೆಲ್ಲ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿತ್ತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಹಲವು ದಿಕ್ಕುಗಳಿಂದ ಒಳನುಗ್ಗಿತು. ಒಂದು ತುಕಡಿ ಹೊಸಪೇಟೆಯ ಕಡೆಯಿಂದ ತುಂಗಭದ್ರೆಯ ಸೇತುವೆಯನ್ನು ವಶಕ್ಕೆ ತೆಗೆದುಕೊಂಡಿತು. 18ರಂದು ನಿಜಾಮನ ಸೇನಾಧಿಪತಿ ಎಲ್ ಎದ್ರೂಸ್ ಚೌಧುರಿಯವರಿಗೆ ಶರಣಾದ. ಮರುದಿನವೇ, ಸಂಸ್ಥಾನದ ಆಡಳಿತದ ಎಲ್ಲ ಅಧಿಕಾರವನ್ನೂ ಮಿಲಿಟರಿ ಗವರ್ನರ್‌ಗೆ ಒಪ್ಪಿಸಿ ನಿಜಾಮ ಫರ್ಮಾನು, ಅಂದರೆ ರಾಜಾಜ್ಞೆ, ಹೊರಡಿಸಿದ.

ಈ ಆಳ್ವಿಕೆಯ ವಿಶೇಷ ಇರುವುದು ಇಲ್ಲಿಯೇ. ಸ್ಪೇನನ್ನು ಸೋಲಿಸಿದ ಅಮೆರಿಕ 1899ರಲ್ಲಿ ಕ್ಯೂಬಾದ ಆಡಳಿತ ಹಿಡಿದಾಗ ಜನರಲ್ ಬ್ರೂಕ್, ಅವರ ನಂತರ ಜನರಲ್ ಲಿಯೊನಾರ್ಡ್ ವುಡ್ ಮಿಲಿಟರಿ ಗವರ್ನರ್ ಆದರು. ಶಾಲೆ, ನ್ಯಾಯಾಲಯ, ನೈರ್ಮಲ್ಯ, ಚುನಾವಣೆ ಎಲ್ಲಕ್ಕೂ ಅವರ ಕಚೇರಿಯಿಂದ ಆದೇಶಗಳು ಹೊರಟವು. ವಾಷಿಂಗ್ಟನ್ನಿನ ಯುದ್ಧ ಇಲಾಖೆಗೆ ಕಳಿಸಿದ ವರದಿಗಳು ಸಂಪುಟಗಳಾಗಿ ಅಚ್ಚಾದವು. ಅಲ್ಲಿ ಹಳೆಯ ದೊರೆ ಹೊರಟುಹೋಗಿದ್ದ. ಹೈದರಾಬಾದಿನಲ್ಲಿ ದೊರೆ ಅರಮನೆಯಲ್ಲೇ ಉಳಿದ. ಜನರಲ್ ದೆಹಲಿಯ ಸಂಸ್ಥಾನಗಳ ಇಲಾಖೆಗೆ ಉತ್ತರ ಕೊಡಬೇಕಿತ್ತು, ಆದರೆ ಅವರ ಕಾನೂನಿನ ಬಲವೆಲ್ಲ ನಿಜಾಮನ ಫರ್ಮಾನಿನಿಂದ ಬಂದದ್ದು.

ಚೌಧುರಿಯವರಿಗೆ ಆಡಳಿತದ ಕಡತ ಹೊಸದಾಗಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಲಯಾದಲ್ಲಿ ಸೇನೆಯ ಆಡಳಿತದ ಹೊಣೆ ಹೊತ್ತವರು ಅವರು. ಹೈದರಾಬಾದಿನಲ್ಲಿ ಐಸಿಎಸ್ ಅಧಿಕಾರಿ ಡಿ.ಎಸ್. ಬಖ್ಲೆ ಮುಖ್ಯ ನಾಗರಿಕ ಆಡಳಿತಾಧಿಕಾರಿಯಾದರು. ನಿಜಾಮ ಸರ್ಕಾರದಲ್ಲಿ ಪಳಗಿದ ವಾಸ್ತುಶಿಲ್ಪಿ ನವಾಬ್ ಝೈನ್ ಯಾರ್ ಜಂಗ್ ಕೂಡ ಆಡಳಿತ ಮಂಡಲಿಯಲ್ಲಿದ್ದರು. ಜಿಲ್ಲೆಗಳಿಗೆ ಅಕ್ಕಪಕ್ಕದ ಪ್ರಾಂತಗಳಿಂದ ಅಧಿಕಾರಿಗಳು ಬಂದರು. ಹಳ್ಳಿಯಲ್ಲಿ ಮಾತ್ರ ಅದೇ ಪಟೇಲ, ಅದೇ ಪಟವಾರಿ.

ಕೊಪ್ಪಳವನ್ನು ಮುಟ್ಟಿದ ಕಾಗದ

ಜನರಲ್ ಸಹಿ ಹಾಕಿದ ಕಾಗದಗಳಲ್ಲಿ ಈ ಸೀಮೆಯನ್ನು ಹೆಚ್ಚು ಅಲುಗಿಸಿದ್ದು ಜಾಗೀರು ರದ್ದತಿ ನಿಯಮ. ಗಂಗಾವತಿ ಮತ್ತು ಕುಷ್ಟಗಿ ನೇರವಾಗಿ ನಿಜಾಮ ಸರ್ಕಾರದ ತಾಲ್ಲೂಕುಗಳು. ಗಂಗಾವತಿಯ ಮಗ್ಗುಲಲ್ಲಿ ಆನೆಗೊಂದಿ ಸಂಸ್ಥಾನವಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಮಾತ್ರ ಸಾಲಾರ್ ಜಂಗ್ ಮನೆತನದ ಜಾಗೀರು. ಇಲ್ಲಿನ ರೈತ ಎರೆಹೊಲದಲ್ಲಿ ಬೆಳೆದು ಕಟ್ಟಿದ ಕಂದಾಯ ಹೈದರಾಬಾದಿನಲ್ಲಿದ್ದ ಆ ಮನೆತನದ ಅರಮನೆ ದಿವಾನ್ ದೇವಡಿಯ ಲೆಕ್ಕಕ್ಕೆ ಸೇರುತ್ತಿತ್ತು. ಇಂದು ಪ್ರವಾಸಿಗರು ನೋಡಿ ಬೆರಗಾಗುವ ಸಾಲಾರ್ ಜಂಗ್ ಮ್ಯೂಸಿಯಂ ಆ ಮನೆತನದ ಸಂಗ್ರಹ. ಆ ಐಶ್ವರ್ಯದಲ್ಲಿ ಕೊಪ್ಪಳ ಸೀಮೆಯ ಬೆವರಿನ ಪಾಲೂ ಇದೆ.

1949ರ ಮಾರ್ಚ್ 2ರಂದು ಮೂರನೇ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, ಮಕ್ಕಳಿಲ್ಲದೆ ತೀರಿಕೊಂಡರು. ಅದೇ ವರ್ಷದ ಫೆಬ್ರವರಿಯಲ್ಲಿ ನಿಜಾಮನ ಖಾಸಗಿ ಸೀಮೆಯಾದ ಸರ್ಫ್-ಎ-ಖಾಸ್ ಸರ್ಕಾರದಲ್ಲಿ ವಿಲೀನವಾಗಿತ್ತು. ಜಾಗೀರುಗಳ ಸರದಿ ಬಂದಾಗ ಒಂದು ತೊಡಕು ಕಂಡಿತು. ಫರ್ಮಾನು ಆಡಳಿತದ ಅಧಿಕಾರ ಕೊಟ್ಟಿದೆ ಸರಿ, ಕಾನೂನು ಮಾಡುವ ಅಧಿಕಾರವನ್ನೂ ಕೊಟ್ಟಿದೆಯೇ? ಆಗಸ್ಟ್ 7ರಂದು ನಿಜಾಮನಿಂದ ಇನ್ನೊಂದು ಫರ್ಮಾನು ಬಂತು: ಆ ಅಧಿಕಾರವೂ ಮೊದಲಿನಿಂದಲೇ ಸೇರಿತ್ತು ಎಂದು. ಆಗಸ್ಟ್ 15ರಿಂದ, ಅಂದರೆ ನಿಜಾಮ ಸರ್ಕಾರದ ಕಂದಾಯ ವರ್ಷ ಫಸಲಿ 1358ರಲ್ಲಿ, ಜಾಗೀರು ರದ್ದತಿ ಜಾರಿಗೆ ಬಂತು. ಜಾಗೀರುಗಳ ಆಡಳಿತಕ್ಕೆ ಪ್ರತ್ಯೇಕ ಅಧಿಕಾರಿ ನೇಮಕವಾದ. ಜಾಗೀರುದಾರರಿಗೆ ಮೊದಲು ಮಧ್ಯಂತರ ಭತ್ಯೆ, 1950ರ ಜನವರಿಯ ನಿಯಮದಂತೆ ಪರಿಹಾರ ಗೊತ್ತಾಯಿತು. ಗಂಗಾವತಿಯ ರೈತನಿಗೂ ಕೊಪ್ಪಳದ ರೈತನಿಗೂ ಕಂದಾಯ ಕಟ್ಟುವ ಧಣಿ ಒಬ್ಬನೇ ಆದ.

ಜಾಗೀರು ಕಳೆದುಕೊಂಡವರು ಸುಮ್ಮನಿರಲಿಲ್ಲ. ನಿಜಾಮ ಸ್ವಇಚ್ಛೆಯಿಂದ ಕೊಟ್ಟ ಫರ್ಮಾನು ಇದಲ್ಲ, ಮಿಲಿಟರಿ ಗವರ್ನರ್‌ಗೆ ಈ ಅಧಿಕಾರವೇ ಇರಲಿಲ್ಲ ಎಂದು ವಾದ ಹೂಡಿದರು. 1960ರಲ್ಲಿ ಸರ್ವರ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಜನರಲ್ ಸಹಿ ಗಟ್ಟಿಯಾಗಿ ನಿಂತಿತು.

ಮುಚ್ಚಿಟ್ಟ ಪುಟಗಳು

ಈ ಆಳ್ವಿಕೆಯ ಕಡತವೆಲ್ಲ ಹೊಗಳಿಕೆಗೆ ಸಿಗುವುದಿಲ್ಲ. ಕಾರ್ಯಾಚರಣೆಯ ಬೆನ್ನಿಗೇ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಸೇಡಿನ ಹಿಂಸೆ ನಡೆಯಿತು. ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ 1948ರ ಕೊನೆಯಲ್ಲಿ ಸಂಸ್ಥಾನದ 16 ಜಿಲ್ಲೆಗಳಲ್ಲಿ 9ನ್ನು ಸುತ್ತಿ ದೆಹಲಿಗೆ ವರದಿ ಕೊಟ್ಟರು. ಸತ್ತವರು ಕನಿಷ್ಠ 27 ಸಾವಿರದಿಂದ 40 ಸಾವಿರ ಎಂದು ಅವರ ಅಂದಾಜು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್‌ಗಳ ಹೆಸರೂ ಇತ್ತು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ರಜಾಕಾರರ ಕ್ರೌರ್ಯವನ್ನು ನೆನೆಯುವ ದಿನ ಇದನ್ನೂ ನೆನೆದರೆ ವಿಮೋಚನೆಯ ತೂಕವೇನೂ ಕಡಿಮೆಯಾಗುವುದಿಲ್ಲ.

1949ರ ಡಿಸೆಂಬರ್ 1ರಂದು ಮತ್ತೊಂದು ಫರ್ಮಾನಿನಿಂದ ಮಿಲಿಟರಿ ಗವರ್ನರ್ ಅಧಿಕಾರ ಮುಗಿದು, ಎಂ.ಕೆ. ವೆಲ್ಲೋಡಿ ಮುಖ್ಯಮಂತ್ರಿಯಾದರು. ಚೌಧುರಿ ಮುಂದೆ ದೇಶದ ಭೂಸೇನೆಯ ಮುಖ್ಯಸ್ಥರಾದರು. 1965ರ ಯುದ್ಧ ನಡೆದದ್ದು ಅವರ ಕಾಲದಲ್ಲೇ.

ಹೈದರಾಬಾದ್ ಸರ್ಕಾರದ ಹಳೆಯ ದಾಖಲೆಗಳು ಇಂದು ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಅವನ್ನು ಓದಲು ಇಂಗ್ಲಿಷ್ ಜೊತೆಗೆ ಉರ್ದುವೂ ಬರಬೇಕು. ತಳಕಲ್ಲಿನ ಕೊಪ್ಪಳ ವಿಶ್ವವಿದ್ಯಾಲಯದಿಂದ ಉರ್ದು ಬಲ್ಲ ನಾಲ್ಕು ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಕೂತರೂ ಈ 14 ತಿಂಗಳ ಚರಿತ್ರೆ ಕನ್ನಡಕ್ಕೆ ಬಂದೀತು. ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಫಸಲಿ 1358ರ ಮೊಹರಿನ ಪಾವತಿಯೋ ನೋಟಿಸೋ ಇದ್ದರೆ, ಓದಲು ಬರುವುದಿಲ್ಲವೆಂದು ರದ್ದಿಗೆ ಹಾಕಬೇಡಿ. ಓದಬಲ್ಲವರಿಗೆ ತೋರಿಸಿ.