ಅಕ್ಕಡಿ ಸಾಲೂ ಮನೆಯ ಊಟವೂ

ರಾಯಚೂರು ತಾಲೂಕಿನ ಚಂದ್ರಬಂಡದ ಸುತ್ತಿನ ಸೀಮೆಯು ಕೃಷ್ಣಾ ತುಂಗಭದ್ರೆಗಳ ನಡುವೆ ಇದ್ದಾಗ್ಯೂ, ಇಲ್ಲಿಯ ಖುಷ್ಕಿ ಹೊಲಗಳು ಮಳೆಯನ್ನೇ ನಂಬಿರತಕ್ಕವು. ಇಂಥ ಭೂಮಿಯಲ್ಲಿ ಹಿರಿಯರು ಒಂದೇ ಧಾನ್ಯವನ್ನು ಬಿತ್ತುತ್ತಿರಲಿಲ್ಲ. ಜೋಳ ಸಜ್ಜೆಗಳ ನಡುವೆ ತೊಗರಿ, ಹೆಸರು, ಮಡಿಕೆ, ಅಲಸಂದಿಗಳ ಅಕ್ಕಡಿ. ಬದುವಿನಂಚಿಗೆ ಪುಂಡಿ, ಗುರೆಳ್ಳು. ಒಂದು ಕೆಟ್ಟರೆ ಮತ್ತೊಂದು ಮನೆಗೆ ಬರುತ್ತಿತ್ತು.

೧೯೫೩ರಲ್ಲಿ ತುಂಗಭದ್ರಾ ನೀರು ಬಂದ ತರುವಾಯ ಮಾನ್ವಿಯ ಕಡೆಗೆ ಭತ್ತವೂ, ಕಾಲುವೆಯಿಲ್ಲದ ಕಡೆ ಹತ್ತಿಯೂ ಹಬ್ಬಿದವು. ಇದರಿಂದ ರೈತನ ಕೈಯಲ್ಲಿ ಹಣ ಆಡಿತೆಂಬುದು ದಿಟ. ಅದನ್ನು ನಾವು ಹಳಿಯುವುದಿಲ್ಲ. ಆದರೆ ತೊಗರಿಯನ್ನೆಲ್ಲ ಪೇಟೆಗೆ ತೂಗಿ, ಅನಂತರ ಅಂಗಡಿಯಿಂದ ಬೇಳೆಯನ್ನು ಕೊಳ್ಳುವ ಮನೆಗಳೂ ಉಂಟು. ಬೆಲೆ ಏರಿದ ದಿನ ಸಾರು ತಿಳಿಯಾಗುತ್ತದೆ.

ಇದು ರುಚಿಯ ಮಾತಲ್ಲ. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ; ಬೇಳೆಯಲ್ಲಿ ಅದು ಹೇರಳ. ದಖ್ಖಣದಲ್ಲಿ ಜೋಳವೊಂದನ್ನೇ ಆಶ್ರಯಿಸಿದ ಬಡವರಿಗೆ ಪೆಲಾಗ್ರ ರೋಗ ತಗಲುತ್ತಿತ್ತು: ಬಿಸಿಲು ಬೀಳುವ ಕೈ ಕತ್ತುಗಳ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕಡೆಗೆ ಬುದ್ಧಿಭ್ರಮಣೆ. ಹೈದರಾಬಾದಿನ ಪೋಷಣ ಸಂಶೋಧನಾಲಯದ ಗೋಪಾಲನ್, ಶ್ರೀಕಂಠಯ್ಯ ಇವರು ೧೯೬೦ರಲ್ಲಿ ಈ ವಿಷಯವಾಗಿ ಲೇಖನ ಪ್ರಕಟಿಸಿದರು. ಇದನ್ನೋದಿ ಜೋಳವನ್ನೇ ಬಿಡಬೇಕೆಂದು ಯಾರೂ ತಿಳಿಯಬಾರದು. ರೊಟ್ಟಿಯ ಪಕ್ಕಕ್ಕೆ ಬೇಳೆ, ಪುಂಡಿಪಲ್ಯ, ಗುರೆಳ್ಳು ಹಿಂಡಿ ಇದ್ದರೆ ಸಾಕು.

ಆದುದರಿಂದ ಮುಂಗಾರಿಗೆ ಎರಡು ಸಾಲು ಸಜ್ಜೆಗೆ ಒಂದು ಸಾಲು ತೊಗರಿಯಂತೆ ಬಿತ್ತುವುದು ಲೇಸು. ಸಜ್ಜೆ ಮೂರು ತಿಂಗಳಿಗೆ ಕೊಯ್ಲಿಗೆ ಬರುವುದರಿಂದ ತೊಗರಿಗೆ ಮುಂದೆ ಗಾಳಿ ಬೆಳಕು ಧಾರಾಳ. ಒಬ್ಬರಿಗೆ ದಿನಕ್ಕೆ ೬೦ ಗ್ರಾಂ ಬೇಳೆಯೆಂದು ಹಿಡಿದರೂ ಐದು ಜನರ ಮನೆಗೆ ವರ್ಷಕ್ಕೆ ಒಂದು ಕ್ವಿಂಟಲಿಗೂ ಮಿಗಿಲಾಗಿ ಬೇಕು. ಇಷ್ಟನ್ನು ಬೇರೆ ಕಟ್ಟಿಟ್ಟು, ಉಳಿದುದನ್ನು ಮಾರತಕ್ಕದ್ದು. ಬಚ್ಚಲ ನೀರು ಹರಿಯುವಲ್ಲಿ ಒಂದು ನುಗ್ಗೆಯ ಗಿಡವನ್ನು ನೆಟ್ಟರೆ ಅದರ ಸೊಪ್ಪಿನಿಂದ ಕಣ್ಣಿಗೂ ರಕ್ತಕ್ಕೂ ಹಿತ.

ದೊಡ್ಡ ಹಿಡುವಳಿದಾರರಲ್ಲಿ ವಿಶೇಷವಾಗಿ ಅರಿಕೆ ಮಾಡುವುದೇನೆಂದರೆ, ಭೂಮಿಯಿಲ್ಲದ ಕೂಲಿಯವರ ಊಟವೂ ತಮ್ಮ ಹೊಲವನ್ನೇ ಅವಲಂಬಿಸಿದೆ. ಕಳೆ ತೆಗೆಯುವ ಹೆಣ್ಣುಮಕ್ಕಳು ಸಂಜೆಗೆ ಮಡಿಲಲ್ಲಿ ಸೊಪ್ಪು ಒಯ್ಯುವುದು ನಮ್ಮ ಸೀಮೆಯ ರೂಢಿ, ಅದನ್ನು ತಡೆಯಬೇಡಿರಿ. ಸುಗ್ಗಿಯಲ್ಲಿ ಕೂಲಿಯ ಸಂಗಡ ನಾಲ್ಕು ಸೇರು ಹೆಸರನ್ನೋ ತೊಗರಿಯನ್ನೋ ಕೊಡುವ ಮನೆಯ ಕೆಲಸಕ್ಕೆ ಆಳಿನ ಕೊರತೆ ಬಾರದು. ಆದರೆ ಹತ್ತಿಗೆ ಔಷಧ ಹೊಡೆದ ಹೊಲದ ಸೊಪ್ಪನ್ನು ಯಾರೂ ಕೊಯ್ಯದಂತೆ ಮೊದಲೇ ತಿಳಿಸತಕ್ಕದ್ದು. ಪುಂಡಿಯನ್ನು ಹತ್ತಿಯಿಂದ ದೂರ, ಬಾವಿಯ ಮಗ್ಗುಲಲ್ಲಿ ಹಾಕಿಸಿರಿ.