ಅನುಕೃತ ಗಣಕಗಳ ಸ್ತಂಭನ

ಹಳೆಯ ಗಣಕಯಂತ್ರದ ವರ್ತನೆಯನ್ನು ಹೊಸ ಗಣಕವೊಂದರಲ್ಲಿ ತಂತ್ರಾಂಶದಿಂದಲೇ ಮರುಸೃಷ್ಟಿಸುವ ಸಾಧನಕ್ಕೆ ಎಮ್ಯುಲೇಟರ್ ಎಂದು ಹೆಸರು. ಮೂಲಯಂತ್ರಗಳು ಜೀರ್ಣವಾಗಿ ಕಣ್ಮರೆಯಾಗುತ್ತಿರಲು, ಅವುಗಳಲ್ಲಿ ಮಾತ್ರ ತೆರೆಯಬಲ್ಲ ಬರಹಗಳನ್ನೂ ಲೆಕ್ಕಪತ್ರಗಳನ್ನೂ ಉಳಿಸಿಕೊಳ್ಳಲು ಇದೊಂದು ಮುಖ್ಯವಾದ ಮಾರ್ಗ. ಆದರೆ ಇಂಥ ಅನುಕೃತ ಗಣಕವು ಒಮ್ಮೊಮ್ಮೆ ಯಾವ ದೋಷಸೂಚನೆಯನ್ನೂ ನೀಡದೆ ಸ್ತಬ್ಧವಾಗಿ ನಿಂತುಬಿಡುತ್ತದೆ. ಗಣನೆಯಲ್ಲಿ ಲವಲೇಶವೂ ತಪ್ಪಿಲ್ಲದಿರುವಾಗಲೂ ಹೀಗಾಗುವುದುಂಟು. ಆಗ ತಪ್ಪನ್ನು ಕಾಲಕ್ರಮದಲ್ಲಿ ಅರಸಬೇಕು.

೧೯೮೧ರಲ್ಲಿ ಹೊರಬಂದ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನ ವಂಶವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅದರ ಶಾಶ್ವತ ಸ್ಮೃತಿಯಲ್ಲಿ ನೆಲಸಿರುವ ಬಯಾಸ್ ಎಂಬ ಮೂಲ ಕಾರ್ಯಕ್ರಮವೇ ಫರ್ಮ್‌ವೇರ್. ಗಡಿಯಾರ, ಕೀಲಿಮಣೆ, ಡಿಸ್ಕು ಮೊದಲಾದ ಅಂಗಗಳು ಪ್ರೊಸೆಸರಿನ ಗಮನವನ್ನು ಸೆಳೆಯಲು ಕಳುಹಿಸುವ ಕರೆಗೆ ಇಂಟರಪ್ಟ್ ಎನ್ನುತ್ತಾರೆ. ಗಡಿಯಾರವೊಂದೇ ಸೆಕೆಂಡಿಗೆ ಸುಮಾರು ೧೮.೨ ಸಲ ಹೀಗೆ ಕರೆಯುತ್ತದೆ. ಕರೆ ಬಂದೊಡನೆ ಪ್ರೊಸೆಸರು ಕೈಯಲ್ಲಿದ್ದ ಕೆಲಸವನ್ನು ನಿಲ್ಲಿಸಿ, ಆ ಕರೆಗೆಂದು ಗೊತ್ತುಮಾಡಿದ ಕಾರ್ಯಭಾಗವನ್ನು ನಡೆಸಿ, ಬಿಟ್ಟ ಸ್ಥಳಕ್ಕೆ ಮರಳುತ್ತದೆ.

ಡಿಸ್ಕಿನ ಉತ್ತರವನ್ನು ಎದುರುನೋಡುವ ಫರ್ಮ್‌ವೇರು ಮೊದಲು ಕರೆಗಳಿಗೆ ಬಾಗಿಲು ಮುಚ್ಚಿ, ಉತ್ತರ ಬಂದಿದೆಯೇ ಎಂದು ಪರೀಕ್ಷಿಸುತ್ತದೆಯೆನ್ನೋಣ. ಬಂದಿಲ್ಲವಾದರೆ ಎಸ್‌ಟಿಐ ಎಂಬ ಆದೇಶದಿಂದ ಬಾಗಿಲು ತೆರೆದು, ಅದರ ಬೆನ್ನಿಗೇ ಎಚ್‌ಎಲ್‌ಟಿ ಎಂಬ ಆದೇಶದಿಂದ ನಿದ್ರಿಸುತ್ತದೆ. ಎಸ್‌ಟಿಐಯ ಮುಂದಿನ ಆದೇಶವೊಂದು ಮುಗಿಯುವವರೆಗೆ ಕರೆಯನ್ನು ಸ್ವೀಕರಿಸಬಾರದೆಂಬುದು ಇಂಟೆಲ್ ಪ್ರೊಸೆಸರಿನ ನಿಯಮ. ಆದುದರಿಂದ ಬಾಗಿಲಲ್ಲಿ ಕಾದಿದ್ದ ಕರೆಯೇ ನಿದ್ರೆಯಿಂದ ಎಬ್ಬಿಸುತ್ತದೆ. ಎಮ್ಯುಲೇಟರು ಈ ಸೂಕ್ಷ್ಮವನ್ನು ಅಲಕ್ಷಿಸಿದರೆ ಕರೆಯು ಎರಡು ಆದೇಶಗಳ ನಡುವೆಯೇ ಸಂದುಹೋಗುತ್ತದೆ. ಬಳಿಕ ಪ್ರೊಸೆಸರು ಆಗಲೇ ಬಂದುಹೋದ ಕರೆಗಾಗಿ ಮಲಗುತ್ತದೆ. ಗಡಿಯಾರವು ನಡೆಯುತ್ತಿದ್ದರೆ ಅದರ ಮುಂದಿನ ಕರೆಯಿಂದ ಎಚ್ಚರವಾಗಿ, ದೋಷವು ಅಲ್ಪ ವಿಳಂಬದಲ್ಲಿ ಮರೆಯಾಗುತ್ತದೆ. ಗಡಿಯಾರದ ಕರೆಯನ್ನೂ ತಡೆದಿದ್ದರೆ, ಬೇರೆ ಕರೆಯೊಂದು ಬಾರದ ಹೊರತು ಆ ನಿದ್ರೆಗೆ ಕೊನೆಯಿಲ್ಲ.

ಇದಕ್ಕೆ ವಿಪರೀತವಾದ ಸಂದರ್ಭವೂ ಇದೆ. ಫರ್ಮ್‌ವೇರು ಡಿಸ್ಕಿಗೆ ಆಜ್ಞೆ ಕೊಟ್ಟ ಮೇಲೆ ‘ಕೆಲಸ ಮುಗಿಯಿತು’ ಎಂಬ ಗುರುತನ್ನು ಅಳಿಸಿ ಕಾಯುವುದಾದರೆ, ಆ ಕ್ರಮವೇ ದೋಷಯುಕ್ತ. ನಿಜವಾದ ಡಿಸ್ಕು ಉತ್ತರಿಸಲು ಕೆಲವು ಮಿಲಿಸೆಕೆಂಡುಗಳನ್ನು ತೆಗೆದುಕೊಳ್ಳುವುದರಿಂದ ದೋಷವು ಪ್ರಕಟವಾಗುವುದಿಲ್ಲ. ಅನುಕೃತ ಡಿಸ್ಕಾದರೋ ತತ್‌ಕ್ಷಣವೇ ಉತ್ತರಿಸಬಲ್ಲದು. ಆಗ ಬಂದ ಉತ್ತರವನ್ನೇ ಅಳಿಸಿ, ಫರ್ಮ್‌ವೇರು ಅದಕ್ಕಾಗಿ ಕಾದು ಕುಳಿತುಕೊಳ್ಳುತ್ತದೆ. ಇಲ್ಲಿ ಅನರ್ಥಕ್ಕೆ ಕಾರಣ ವೇಗವೇ.

ಆದಕಾರಣ ಯಂತ್ರವೊಂದನ್ನು ಅನುಕರಿಸುವುದೆಂದರೆ ಅದರ ಆದೇಶಗಳ ಫಲವನ್ನು ಒದಗಿಸುವುದಷ್ಟೇ ಅಲ್ಲ. ಅವುಗಳ ಪೂರ್ವಾಪರವನ್ನೂ, ಅವಶ್ಯವಾದೆಡೆ ಮೂಲದ ನಿಧಾನವನ್ನೂ ಕಾಪಾಡುವುದು. ಹಾಗಲ್ಲದಿದ್ದರೆ ಉಳಿಸಬೇಕೆಂದಿದ್ದ ಬರಹವು ಅಕ್ಷರವೊಂದೂ ಅಳಿಯದೆ ಇದ್ದರೂ ಓದುವವನ ಕೈಗೆ ಎಟುಕದೆ ಉಳಿಯುತ್ತದೆ.